ಅರ್ಧ ಡಿಗ್ರಿ ಆಚೆಯ ನಕ್ಷತ್ರ

ಇಟ್ಟಮಡುವಿನ ದಾಸಪ್ಪನವರ ಮಗಳು ಶಾಲಿನಿ ಎಂಟು ವರ್ಷ ಪಿಎಚ್.ಡಿ. ಮಾಡಿದಳು. ಅವಳ ಜೊತೆ ಸೇರಿದವರೆಲ್ಲ ಐದು ವರ್ಷಕ್ಕೆ ಮುಗಿಸಿ ಹೊರಟುಹೋಗಿದ್ದರು. ಮಿಕ್ಕ ಮೂರು ವರ್ಷ ಏನಾಯಿತು ಎಂದು ಕೇಳಿದವರಿಗೆ ಅವಳು, "ಒಂದು ತಪ್ಪಾಗಿತ್ತು, ಸರಿ ಮಾಡ್ತಿದ್ದೆ" ಎಂದಷ್ಟೇ ಹೇಳುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಆ ಒಂದು ಮಾತಿನಲ್ಲಿ ಮುಗಿಯುವಂಥದ್ದೂ ಅಲ್ಲ.

ದಾಸಪ್ಪ ಕನಕಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮೇಲೆ ದುಡಿದವರು. ಬನಶಂಕರಿ ಮೂರನೇ ಸ್ಟೇಜಿನ ಸೈಟುಗಳು ಸುತ್ತಲೂ ಎದ್ದಾಗ ಇಟ್ಟಮಡುವಿನ ಹಳೇ ಕೇರಿ ಮಧ್ಯದಲ್ಲಿ ಹಾಗೇ ಉಳಿಯಿತು. ಅಲ್ಲಿ ಅವರದು ಎರಡು ಕೋಣೆಯ ಶೀಟಿನ ಮನೆ. ಮದುವೆಗೆ ಮುಂಚೆಯೇ ಅವರು ಬೌದ್ಧರಾಗಿದ್ದರು. ನಡುಮನೆಯ ಗೋಡೆಯಲ್ಲಿ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಹೆಂಡತಿ ನಾಗಲಕ್ಷ್ಮಮ್ಮ ಮಾತ್ರ ಆಗೊಮ್ಮೆ ಈಗೊಮ್ಮೆ ಯಾರಿಗೂ ಹೇಳದೆ ಬನಶಂಕರಮ್ಮನ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತಿದ್ದರು. ದಾಸಪ್ಪನವರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು.

ಶಾಲಿನಿ ಅವರ ಒಬ್ಬಳೇ ಮಗಳು. ಜಯನಗರದಲ್ಲಿ ಬಿ.ಎಸ್ಸಿ. ಓದಿ, ಎಂ.ಎಸ್ಸಿ. ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದು, 1996ರಲ್ಲಿ ನಗರದ ಒಂದು ಸಂಶೋಧನಾ ಸಂಸ್ಥೆಗೆ ಸೇರಿದಳು. ಕೇರಿಯಲ್ಲಿ ಅವಳ ಕೆಲಸ ಏನೆಂದು ಯಾರಿಗೂ ಅರ್ಥವಾಗಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ದಾಸಪ್ಪ ನೇರವಾಗಿಯೇ ಕೇಳಿದರು.

"ಅದೇನಮ್ಮ ನೀನು ನೋಡದು ಅಲ್ಲಿ?"

"ಮ್ಯಾಗ್ನೆಟ್ ಅಪ್ಪ. ನಿಮ್ ಫ್ಯಾಕ್ಟ್ರೀಲಿ ಗುಜರಿ ಕಬ್ಬಿಣ ಎತ್ತೋ ಕ್ರೇನ್ ಇತ್ತಲ್ಲ, ಅಂಥದು. ಆದ್ರೆ ಇಲ್ಲಿ ಇಡೀ ನಕ್ಷತ್ರವೇ ಮ್ಯಾಗ್ನೆಟ್."

"ಹತ್ರ ಹೋದ್ರೆ?"

"ನಮ್ ಮೈಯಲ್ಲಿರೋ ಅಣು ಅಣೂನೂ ಎಳ್ದು ದಾರದ ಥರ ಮಾಡ್ಬಿಡತ್ತೆ."

ದಾಸಪ್ಪ ಸಾರು ಕಲಸಿಕೊಳ್ಳುತ್ತಾ, "ದೂರಾನೇ ಇರ್ಲಿ ಬಿಡು" ಎಂದರು.

ಭಾರಿ ನಕ್ಷತ್ರವೊಂದು ಸಿಡಿದು ಸತ್ತ ಮೇಲೆ ಕೆಲವೊಮ್ಮೆ ನಡುವೆ ಒಂದು ಗಟ್ಟಿ ಉಂಡೆ ಉಳಿಯುತ್ತದೆ. ಅಡ್ಡಳತೆ ಯಲಹಂಕದಿಂದ ಬನಶಂಕರಿಯಷ್ಟು, ತೂಕ ಸೂರ್ಯನಿಗಿಂತ ಹೆಚ್ಚು. ಅದು ನ್ಯೂಟ್ರಾನ್ ನಕ್ಷತ್ರ. ಇಂಥವುಗಳಲ್ಲಿ ಕೆಲವಕ್ಕೆ ಮಾತ್ರ ಊಹೆಗೆ ಮೀರಿದ ಕಾಂತಶಕ್ತಿ ಇರುತ್ತದೆ. ಅವುಗಳಿಗೆ ಮ್ಯಾಗ್ನೆಟಾರ್ ಎಂದು ಹೆಸರು. ಆಗ ಇಡೀ ಆಕಾಶದಲ್ಲಿ ಗೊತ್ತಿದ್ದದ್ದು ಹತ್ತರ ಸುಮಾರು. ಅವು ಕಣ್ಣಿಗೆ ಬೀಳುವುದು ಎಕ್ಸ್‌ರೇಯಲ್ಲಿ. ಆ ಕಿರಣಗಳನ್ನು ನಮ್ಮ ಗಾಳಿಯ ಹೊದಿಕೆ ತಡೆದುಬಿಡುವುದರಿಂದ ದೂರದರ್ಶಕವನ್ನು ಉಪಗ್ರಹದಲ್ಲಿ ಮೇಲಕ್ಕೆ ಕಳಿಸಬೇಕು. ನಕ್ಷತ್ರ ತಿರುಗಿದ ಹಾಗೆ ಎಕ್ಸ್‌ರೇ ಏರುತ್ತದೆ, ಇಳಿಯುತ್ತದೆ, ನಾಡಿ ಬಡಿದಂತೆ. ಆ ನಾಡಿ ಆರೇಳು ಸೆಕೆಂಡಿಗೊಮ್ಮೆ ಬಡಿಯುತ್ತಾ ವರ್ಷದಿಂದ ವರ್ಷಕ್ಕೆ ಇನ್ನಷ್ಟು ನಿಧಾನವಾಗುತ್ತಿದ್ದರೆ, ಅಕ್ಕಪಕ್ಕ ಜೊತೆಗಾರ ನಕ್ಷತ್ರ ಇಲ್ಲದಿದ್ದರೆ, ಅದನ್ನು ಹಾಗೆ ಹಿಡಿದು ನಿಧಾನ ಮಾಡುತ್ತಿರುವುದು ಅದರದೇ ಕಾಂತಶಕ್ತಿ ಎಂದು ಲೆಕ್ಕ.

ಅಮೆರಿಕದ ಒಂದು ಉಪಗ್ರಹ ಕಳಿಸಿದ ಹಳೆಯ ದತ್ತಾಂಶ ಸಿ.ಡಿ.ಗಳಲ್ಲಿ ಸಂಸ್ಥೆಗೆ ಬರುತ್ತಿತ್ತು. ಶಾಲಿನಿ ಅದರಲ್ಲಿ ಇಂಥ ನಾಡಿ ಹುಡುಕುವವಳು. ವರ್ಷಗಟ್ಟಲೆ ಹುಡುಕಿದಳು. 2001ರ ಆರಂಭದಲ್ಲಿ, ಹಿಂದೆಂದೋ ಸಿಡಿದ ನಕ್ಷತ್ರವೊಂದರ ಹೊಗೆಮೋಡದ ಕಡೆ ತಿರುಗಿಸಿ ತೆಗೆದಿದ್ದ ದತ್ತಾಂಶದಲ್ಲಿ ಒಂದು ನಾಡಿ ಸಿಕ್ಕಿತು. ಆರೂವರೆ ಸೆಕೆಂಡಿಗೆ ಸ್ವಲ್ಪ ಕಡಿಮೆ. ಎರಡು ವರ್ಷದ ನಂತರದ ಇನ್ನೊಂದು ದತ್ತಾಂಶದಲ್ಲಿ ಅದೇ ನಾಡಿ ಕೂದಲೆಳೆಯಷ್ಟು ನಿಧಾನವಾಗಿತ್ತು. ಲೆಕ್ಕ ಹಾಕಿದಾಗ ಭೂಮಿಯ ಕಾಂತಶಕ್ತಿಯ ಸಾವಿರ ಲಕ್ಷ ಕೋಟಿ ಪಟ್ಟು ಬಂತು.

ಅವಳ ಗೈಡ್ ಪ್ರೊಫೆಸರ್ ಗೌರೀಶಂಕರ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತು ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಆಮೇಲೆ ಕನ್ನಡಕ ತೆಗೆದು, "ಶಾಲಿನಿ, ಇದು ಸಖತ್ತಾಗಿದೆ ರೀ" ಎಂದರು. ಅವರ ಬಾಯಲ್ಲಿ ಆ ಪದವನ್ನು ಅವಳು ಕೇಳಿದ್ದು ಅದೇ ಮೊದಲು.

ಮುಂದೆ ಎಲ್ಲ ಬೇಗ ಬೇಗ ಆಯಿತು. ಗೌರೀಶಂಕರ ಪ್ರಬಂಧ ಬರೆಸಿ ವಿದೇಶದ ಪತ್ರಿಕೆಗೆ ಕಳಿಸಿದರು. ಸಂಸ್ಥೆಗೆ ಬಂದಿದ್ದ ವರದಿಗಾರನೊಬ್ಬ ಇವಳ ಫೋಟೋ ತೆಗೆದುಕೊಂಡು ಹೋದ. "ಬೆಂಗಳೂರಿನ ಯುವತಿಯಿಂದ ಅಯಸ್ಕಾಂತ ನಕ್ಷತ್ರ ಪತ್ತೆ" ಎಂದು ಕನ್ನಡ ಪೇಪರಿನಲ್ಲಿ ಬಂತು. ದಾಸಪ್ಪ ಅಂಗಡಿಯಲ್ಲಿದ್ದಷ್ಟೂ ಪೇಪರು ಕೊಂಡು ತಂದು, ಒಂದನ್ನು ಕತ್ತರಿಸಿ ಫ್ರೇಮ್ ಹಾಕಿಸಿ ಬುದ್ಧನ ಕೆಳಗೆ ತೂಗುಹಾಕಿದರು. ಆ ವರ್ಷದ ಬುದ್ಧ ಪೂರ್ಣಿಮೆಯಂದು ಕೇರಿಯ ಸಂಘದ ಕಾರ್ಯದರ್ಶಿ ಹನುಮಯ್ಯ ಶಾಮಿಯಾನ ಹಾಕಿಸಿ ಅವಳಿಗೆ ಶಾಲು ಹೊದಿಸಿದರು.

"ನಮ್ ಕೇರಿ ಹೆಣ್ಮಗು ನಕ್ಷತ್ರ ಕಂಡುಹಿಡ್ದವಳೆ!" ಎಂದು ಹನುಮಯ್ಯ ಮೈಕಿನಲ್ಲಿ ಕೂಗಿದರು. "ಇನ್ಮ್ಯಾಕೆ ಯಾರಾರ ನಿಮ್ ಕೈಲಿ ಏನಾಯ್ತದೆ ಅಂದ್ರೆ, ತಲೆ ಎತ್ತಿ ಮ್ಯಾಲೆ ತೋರ್ಸಿ!"

ಶಾಲಿನಿ ತನ್ನ ಸರದಿ ಬಂದಾಗ, "ಇನ್ನೂ ಪೂರ್ತಿ ರುಜುವಾತಾಗಿಲ್ಲ, ಪತ್ರಿಕೆಯವರು ಒಪ್ಪಬೇಕು" ಎಂದು ಶುರು ಮಾಡಿದಳು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ದಾಸಪ್ಪ ಎರಡೂ ಕೈಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅವಳು ಮಾತು ಮುಗಿಸಿ ಕೂತಳು.

ಜುಲೈಯಲ್ಲಿ ಪತ್ರಿಕೆಯ ಪರಿಶೀಲಕರಿಂದ ಒಂದು ಪ್ರಶ್ನೆ ಬಂತು. ಆ ಉಪಗ್ರಹದ ಉಪಕರಣ ಚಿತ್ರ ತೆಗೆಯುವಂಥದ್ದಲ್ಲ. ಅದು ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ಅಗಲದ ಆಕಾಶದಿಂದ ಬರುವ ಎಕ್ಸ್‌ರೇಯನ್ನೆಲ್ಲ ಒಟ್ಟಿಗೆ ಎಣಿಸುತ್ತದೆ. ಅಂದ ಮೇಲೆ ಈ ನಾಡಿ ಆ ಹೊಗೆಮೋಡದ ನಡುವಿನಿಂದಲೇ ಬರುತ್ತಿದೆ ಎಂದು ಹೇಗೆ ಹೇಳುತ್ತೀರಿ?

"ಇದು ಎಲ್ರೂ ಕೇಳೋ ಪ್ರಶ್ನೆ. ಬೇರೆ ಕಡೆಯಿಂದ ಬರೋ ಸಾಧ್ಯತೆ ತೀರಾ ಕಡಿಮೆ ಅಂತ ಒಂದು ಪ್ಯಾರಾ ಬರ್ದುಬಿಡಿ" ಎಂದರು ಗೌರೀಶಂಕರ.

ಆ ಪ್ಯಾರಾ ಬರೆಯುವ ಮೊದಲು ಶಾಲಿನಿ ಹಳೆಯ ದತ್ತಾಂಶವನ್ನು ಮತ್ತೆ ಜಾಲಾಡಿದಳು. ಬೇರೆ ಯಾರೋ ಬೇರೆ ಯಾವುದೋ ಕಾಯವನ್ನು ನೋಡಲೆಂದು ಅದೇ ದಿಕ್ಕಿನಲ್ಲಿ ಅರ್ಧ ಡಿಗ್ರಿ ಆಚೆಗೆ ಉಪಗ್ರಹ ತಿರುಗಿಸಿದ್ದ ಒಂದು ವೀಕ್ಷಣೆ ಸಿಕ್ಕಿತು. ಲೆಕ್ಕ ಸುಲಭ. ನಾಡಿ ಹೊಗೆಮೋಡದ್ದಾದರೆ, ಮುಖ ಪಕ್ಕಕ್ಕೆ ತಿರುಗಿಸಿದ್ದರಿಂದ ಅದರ ಬಲ ಅರ್ಧಕ್ಕೆ ಇಳಿಯಬೇಕು. ಆದರೆ ಅದು ದುಪ್ಪಟ್ಟಾಗಿತ್ತು.

ಅವಳು ಎದ್ದು ಹೋಗಿ ನೀರು ಕುಡಿದು ಬಂದಳು. ಮತ್ತೆ ಮೊದಲಿನಿಂದ ಮಾಡಿದಳು. ಅಷ್ಟೇ ಬಂತು.

ಅದೇ ಕೋಣೆಯಲ್ಲಿ ಕೂರುತ್ತಿದ್ದ ಜಯದೇವಿ ಗದಗಿನ ಕಡೆಯವಳು, ಇವಳಿಗಿಂತ ಒಂದು ವರ್ಷ ಚಿಕ್ಕವಳು, ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದವಳು. ಇವಳ ಮುಖ ನೋಡಿ ಎದ್ದು ಬಂದಳು.

"ಯಾಕವಾ, ಹಿಂಗ್ಯಾಕ ಕುಂತಿ?"

ಶಾಲಿನಿ ಪರದೆ ತೋರಿಸಿದಳು. "ಇದು ನಂದಲ್ಲ ಕಣೇ. ಪಕ್ಕದ್ದು ಯಾವ್ದೋ. ನಾವು ಒಂದು ಮನೆ ಬಾಗಿಲ್ ಮುಂದೆ ನಿಂತ್ಕೊಂಡು ಪಕ್ಕದ ಮನೆ ಮಾತು ಕೇಳಿಸ್ಕೊಂಡಿದೀವಿ."

ನಾಲ್ಕು ದಿನ ಹುಡುಕಿದ ಮೇಲೆ ಆ ಪಕ್ಕದ ಮನೆ ಯಾವುದೆಂದೂ ಸುಮಾರಾಗಿ ಗೊತ್ತಾಯಿತು. ಆ ಜಾಗದಲ್ಲಿ ಹಳೆಯ ಪಟ್ಟಿಗಳಲ್ಲಿ ಒಂದು ಮಬ್ಬು ಎಕ್ಸ್‌ರೇ ಚುಕ್ಕೆ ಇತ್ತು. ಅದರ ಹತ್ತಿರ ಒಂದು ಮಾಮೂಲಿ ನಕ್ಷತ್ರವೂ ಇತ್ತು. ಹಾಗಾದರೆ ಈ ನ್ಯೂಟ್ರಾನ್ ನಕ್ಷತ್ರ ಒಂಟಿಯಲ್ಲ, ಜೊತೆಗಾರನನ್ನು ಸುತ್ತುತ್ತಿರಬಹುದು. ದೂರ ಹೋಗುವ ರೈಲಿನ ಸಿಳ್ಳೆ ಮಂದವಾಗುವಂತೆ, ನಕ್ಷತ್ರ ನಮ್ಮಿಂದ ಆಚೆ ಸರಿಯುವಾಗ ನಾಡಿ ನಿಧಾನವಾಗಿ ಕಾಣುತ್ತದೆ, ಈಚೆ ಬರುವಾಗ ಚುರುಕಾಗುತ್ತದೆ. ಎರಡು ವರ್ಷದಲ್ಲಿ ಕಂಡ ನಿಧಾನ ಅಷ್ಟೇ ಇರಬಹುದು. ಕಾಂತಶಕ್ತಿಯ ಆ ದೊಡ್ಡ ಸಂಖ್ಯೆಗೆ ಅರ್ಥವೇ ಇರಲಿಲ್ಲ.

ಅವಳು ಗೌರೀಶಂಕರರ ಕೋಣೆಗೆ ಹೋಗಿ ಗ್ರಾಫ್ ಮುಂದಿಟ್ಟಳು. ಅವರು ಅದನ್ನು ನೋಡಿ ಬದಿಗಿಟ್ಟರು.

"ಸಾಫ್ಟ್‌ವೇರ್‌ದು ಏನೋ ಪ್ರಾಬ್ಲಂ ಇರ್ಬೇಕು. ಈಗ ಇದನ್ನ ಎಳ್ಕೊಂಡು ಬರೋದು ಬೇಡ."

"ಮೂರು ಸಲ ಮಾಡಿದೆ ಸಾರ್."

"ಶಾಲಿನಿ, ಕೇಳಿ. ಹೊಸ ಟೆಲಿಸ್ಕೋಪಲ್ಲಿ ಇದನ್ನ ನೋಡೋಕೆ ಅಂತ ಟೈಮ್ ಕೇಳಿದೀನಿ. ಅದು ಬರ್ಲಿ, ಆಮೇಲೆ ನೋಡೋಣ. ನಿಮ್ಮಂಥೋರಿಗೆ ಇಂಥ ಅವಕಾಶ ಮತ್ತೆ ಮತ್ತೆ ಬರಲ್ಲ."

ನಿಮ್ಮಂಥೋರಿಗೆ. ಬಸ್ಸಿನಲ್ಲಿ ಬರುವಾಗ ಅವಳು ಆ ಪದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಪಿಎಚ್.ಡಿ. ಮಾಡುವ ಹುಡುಗ ಹುಡುಗಿಯರಿಗೆ ಎಂದಿರಬಹುದು. ಗೌರೀಶಂಕರ ಅವಳ ಮುಂದೆ ಎಂದೂ ಜಾತಿಯ ಮಾತು ಎತ್ತಿದವರಲ್ಲ. ಆದರೂ ಅದು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಬನಶಂಕರಿ ಸ್ಟಾಪ್ ದಾಟಿದ್ದು ಗೊತ್ತಾಗದೆ ಮುಂದೆ ಹೋಗಿ ಇಳಿದು ವಾಪಸ್ಸು ನಡೆದಳು.

ಮನೆಯಲ್ಲಿ ಅವಳಿಗೆ ಊಟ ಸೇರದಾಯಿತು. ನಾಗಲಕ್ಷ್ಮಮ್ಮ ಮಗಳಿಗೆ ಯಾರದೋ ಕಣ್ಣು ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಬೀದಿಯಲ್ಲಿ ಹೋದರೆ ಯಾರಾದರೂ ನಿಲ್ಲಿಸಿ, "ಏನಮ್ಮ, ನಿನ್ ನಕ್ಷತ್ರ ಎಂಗೈತೆ?" ಎನ್ನುತ್ತಿದ್ದರು. ಅವಳು "ಚೆನ್ನಾಗಿದೆ" ಎನ್ನುತ್ತಿದ್ದಳು.

ಒಂದು ಭಾನುವಾರ ಸುದ್ದಗುಂಟೆಪಾಳ್ಯಕ್ಕೆ ಹೋದಳು. ಜಯದೇವಿ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನಾ ಒಂದ್ ಮಾತ್ ಹೇಳ್ಲೇನು? ಡಿಗ್ರಿ ಕೈಗೆ ಬರೂತನಕ ಸುಮ್ಕಿರು. ನೀ ಸುಳ್ಳ ಹೇಳಾಕ್ಹತ್ತಿಲ್ಲ, ಸುಮ್ಕಿರಾಕ್ಹತ್ತಿ. ನಾಳೆ ಬ್ಯಾರೆ ಯಾರರೆ ಚಿತ್ರ ತೆಗೀತಾರ, ಅವರ ಹೇಳ್ತಾರ ಬಿಡು."

"ಆ ಪ್ಯಾರಾ ನಾನೇ ಬರೀಬೇಕಲ್ಲ ಜಯಾ. 'ಸಾಧ್ಯತೆ ತೀರಾ ಕಡಿಮೆ' ಅಂತ. ಬೇರೆ ಕಡೆಯಿಂದ್ಲೇ ಬರ್ತಿದೆ ಅಂತ ಗೊತ್ತಿದ್ದು ಹೇಗೆ ಬರೀಲಿ?"

ಜಯದೇವಿ ರೊಟ್ಟಿ ಹಂಚಿಗೆ ಹಾಕಿದಳು. "ಹಂಗಾರ ಬರೀಬ್ಯಾಡ" ಎಂದಳು.

ಅದೇ ಸಂಜೆ ಶಾಲಿನಿ ಅಪ್ಪನಿಗೆ ಹೇಳಿದಳು. ದಾಸಪ್ಪ ಜಗಲಿಯಲ್ಲಿ ಕೂತಿದ್ದರು. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದಳು. ಅವರು ಬೈಯಬಹುದು ಎಂದುಕೊಂಡಿದ್ದಳು, ಇಲ್ಲವೇ ಸಮಾಧಾನ ಹೇಳಬಹುದು ಎಂದುಕೊಂಡಿದ್ದಳು. ಅವರು ತಗ್ಗಿದ ದನಿಯಲ್ಲಿ, ಪಕ್ಕದ ಮನೆಗೆ ಕೇಳದ ಹಾಗೆ ಕೇಳಿದರು:

"ಇದು ಯಾರ್‍ಯಾರಿಗೆ ಗೊತ್ತು?"

"ಸಾರ್‌ಗೆ. ಜಯದೇವಿಗೆ."

"ನಿಮ್ ಸಾರೇ ಬೇಡ ಅಂತಾವ್ರಲ್ಲ. ದೊಡ್ಡೋರು. ನೀನ್ಯಾಕೆ ಎದೆ ಮುಂದಕ್ಕೆ ಕೊಟ್ಕಂಡು ಹೋಯ್ತೀಯ?"

"ತಪ್ಪು ಅಪ್ಪ ಅದು."

ದಾಸಪ್ಪ ಎದ್ದು ನಿಂತರು. "ತಪ್ಪು ಎಲ್ರೂ ಮಾಡ್ತಾರೆ ಕಣಮ್ಮ. ಅವ್ರು ತಪ್ಪು ಮಾಡಿದ್ರೆ ಏನೋ ತಪ್ಪಾಯ್ತು ಅಂತಾರೆ. ನಾವು ಮಾಡಿದ್ರೆ, ಇವ್ರೇ ಇಷ್ಟು ಅಂತಾರೆ. ಮೂವತ್ತು ವರ್ಷ ಮೆಷಿನ್ ಮುಂದೆ ನಿಂತು ಕಂಡಿದೀನಿ. ಒಂದು ಪೀಸು ಕೆಟ್ರೆ ನನ್ನ ಬೈತಿರಲಿಲ್ಲ, ನನ್ ಕುಲಾನ ಬೈತಿದ್ರು."

ಒಳಗೆ ಹೋಗಿ ಮಲಗಿಬಿಟ್ಟರು. ಇನ್ನೂ ದೀಪ ಹಚ್ಚಿರಲಿಲ್ಲ.

ಅಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂಬುದೇ ಶಾಲಿನಿಯ ಸಂಕಟ. ಸುಮ್ಮನಿರು ಎಂದವರು ಮೂವರು, ಮೂವರಿಗೂ ಅವಳ ಒಳಿತೇ ಬೇಕಿತ್ತು. ಅವಳು ಆ ಪ್ಯಾರಾ ಬರೆಯಲು ಎರಡು ವಾರ ಕೂತಳು. ಮೊದಲ ವಾಕ್ಯ ದಾಟಲಿಲ್ಲ. ಗೌರೀಶಂಕರರ ಹತ್ತಿರ ಇನ್ನೊಮ್ಮೆ ಹೋದಳು. "ಆ ಟೆಲಿಸ್ಕೋಪ್ ಟೈಮ್ ಬರ್ಲಿ ಅಂದೆನಲ್ಲ" ಎಂದು ಅವರು ತಲೆ ಎತ್ತದೆ ಹೇಳಿದರು.

ಸಂಸ್ಥೆಯಲ್ಲಿ ಬುಧವಾರ ಮಧ್ಯಾಹ್ನ ಸೆಮಿನಾರ್ ನಡೆಯುತ್ತಿತ್ತು. ಆಗಸ್ಟ್ ಕೊನೆಯ ಬುಧವಾರ ಶಾಲಿನಿಯ ಸರದಿ. ವಿಷಯ, ಹೊಸ ಮ್ಯಾಗ್ನೆಟಾರ್. ಹಾಲ್ ತುಂಬಿತ್ತು. ಗೌರೀಶಂಕರ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವಳು ಪಾರದರ್ಶಕ ಹಾಳೆಗಳನ್ನು ಒಂದೊಂದಾಗಿ ಪ್ರೊಜೆಕ್ಟರ್ ಮೇಲಿಟ್ಟು ಮೊದಲ ದತ್ತಾಂಶ ತೋರಿಸಿದಳು, ಎರಡನೆಯದು ತೋರಿಸಿದಳು. ಮೂರನೆಯ ಹಾಳೆ ಓರೆಯಾಗಿ ಬಿತ್ತು. ಸರಿ ಮಾಡಿದಳು.

"ಇದು ಅರ್ಧ ಡಿಗ್ರಿ ಆಚೆ ತೆಗೆದದ್ದು. ಇಲ್ಲಿ ನಾಡಿ ಕಡಿಮೆ ಆಗ್ಬೇಕಿತ್ತು, ಜಾಸ್ತಿ ಆಗಿದೆ. ಆದ್ದರಿಂದ ಇದು ನಾವು ಹೇಳಿದ ಜಾಗದಲ್ಲಿಲ್ಲ. ಬಹುಶಃ ಮ್ಯಾಗ್ನೆಟಾರೂ ಅಲ್ಲ. ನಾನು ತಪ್ಪು ಮಾಡಿದೆ" ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲೋ ಒಂದು ಕುರ್ಚಿ ಕಿರ್ ಎಂದಿತು. ಹಿರಿಯ ವಿಜ್ಞಾನಿಯೊಬ್ಬರು ಎರಡು ಪ್ರಶ್ನೆ ಕೇಳಿದರು, ಉತ್ತರ ಕೇಳಿ ತಲೆಯಾಡಿಸಿದರು. ದೀಪ ಹಾಕಿದಾಗ ಗೌರೀಶಂಕರರ ಕುರ್ಚಿ ಖಾಲಿಯಿತ್ತು.

ಮರುದಿನ ಅವರು ಅವಳನ್ನು ಕರೆದು ಬಾಗಿಲು ಹಾಕಿಕೊಂಡರು.

"ಪ್ರಬಂಧ ವಾಪಸ್ ತಗೊಂಡಿದೀನಿ. ನೀವು ಹೇಳಿದ್ದು ಸರಿ ಇರ್ಬೋದು. ಆದ್ರೆ ಅಲ್ಲಿ ಎದ್ದು ಹೇಳೋ ಮುಂಚೆ ನನಗೊಂದು ಮಾತು ಹೇಳ್ಬೋದಿತ್ತು."

"ಎರಡು ಸಲ ಹೇಳಿದೆ ಸಾರ್."

"ಗ್ರಾಫ್ ತೋರಿಸಿದ್ರಿ. ಹೀಗೆ ಮಾಡ್ತೀನಿ ಅಂತ ಹೇಳ್ಲಿಲ್ಲ." ಅವರ ಕಣ್ಣಿನ ಕೆಳಗೆ ಕಪ್ಪಗಾಗಿತ್ತು. "ಅರವತ್ತು ಜನದ ಮುಂದೆ ಕೂತಿದ್ದೆ ನಾನು."

ಮೊದಲೇ ಹೇಳಿದ್ದರೆ ಅವರು ತಡೆಯುತ್ತಿದ್ದರು, ತಾನು ನಿಂತುಬಿಡುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಅವರನ್ನು ಹಾಗೆ ಕೂರಿಸಿದ್ದು ಅವಳನ್ನು ಬಹಳ ವರ್ಷ ಕಾಡಿತು.

ದಾಸಪ್ಪ ಹೆದರಿದ್ದೂ ಆಯಿತು. ಕ್ಯಾಂಟೀನಿನಲ್ಲಿ ಕೈ ತೊಳೆಯುವಾಗ ಗೋಡೆಯಾಚೆ ಇಬ್ಬರು ಮಾತಾಡುತ್ತಿದ್ದರು. "ಕೋಟಾದಲ್ಲಿ ತಗೊಂಡ್ರೆ ಇನ್ನೇನಾಗತ್ತೆ ಗುರು" ಎಂದು ಒಬ್ಬ, ಮತ್ತೊಬ್ಬನ ನಗು. ಅವಳು ನಲ್ಲಿ ತಿರುಗಿಸಿ ನಿಲ್ಲಿಸಿ ಅಲ್ಲೇ ನಿಂತಳು. ತಪ್ಪನ್ನು ಕಂಡುಹಿಡಿದವಳೂ ತಾನೇ ಎಂದು ಹೋಗಿ ಹೇಳಬೇಕೆನಿಸಿತು. ಹೋಗಲಿಲ್ಲ. ಆ ದಿನದಿಂದ ಬುತ್ತಿಯನ್ನು ಕೋಣೆಯಲ್ಲೇ ಉಣ್ಣತೊಡಗಿದಳು. ಜಯದೇವಿ ಏನೂ ಕೇಳದೆ ತನ್ನ ಡಬ್ಬಿಯನ್ನೂ ಅಲ್ಲಿಗೇ ತಂದಳು.

ಗೌರೀಶಂಕರ ಗೈಡ್ ಆಗಿಯೇ ಮುಂದುವರಿದರು, ಆದರೆ ಬೇಕಾದಷ್ಟೇ ಮಾತು. ಬರೆದಿದ್ದ ಅಧ್ಯಾಯಗಳಲ್ಲಿ ಅರ್ಧ ಕೆಲಸಕ್ಕೆ ಬಾರದಾದವು. ಶಾಲಿನಿ ಆ ಪಕ್ಕದ ಮನೆಯ ನಕ್ಷತ್ರವನ್ನೇ ಹಿಡಿದಳು. ಯಾವ ಯಾವ ವೀಕ್ಷಣೆಯಲ್ಲಿ ಅದರ ನಾಡಿ ಅಡಗಿದೆಯೋ ಅದನ್ನೆಲ್ಲ ಹೆಕ್ಕಿ, ಯಾವಾಗ ಚುರುಕು, ಯಾವಾಗ ನಿಧಾನ ಎಂದು ಜೋಡಿಸುತ್ತಾ ಹೋದಳು. ನಡುವೆ ಫೆಲೋಶಿಪ್ ಮುಗಿಯಿತು. ಜಯನಗರ ನಾಲ್ಕನೇ ಬ್ಲಾಕಿನ ಒಂದು ಟ್ಯುಟೋರಿಯಲ್ಲಿನಲ್ಲಿ ಬೆಳಿಗ್ಗೆ ಪಿಯುಸಿ ಮಕ್ಕಳಿಗೆ ಪಾಠ ಹೇಳಿ ಆಮೇಲೆ ಸಂಸ್ಥೆಗೆ ಹೋಗುತ್ತಿದ್ದಳು. 2003ರ ಬೇಸಿಗೆಯಲ್ಲಿ ಲೆಕ್ಕ ಕೂಡಿತು. ಆ ನಕ್ಷತ್ರ ತನ್ನ ಜೊತೆಗಾರನನ್ನು ಹದಿನೇಳು ದಿನಕ್ಕೊಮ್ಮೆ ಸುತ್ತುತ್ತಿತ್ತು. ಚಿತ್ರ ತೆಗೆಯುವ ಹೊಸ ದೂರದರ್ಶಕ ಅದೇ ವರ್ಷ ಆ ಕಡೆ ತಿರುಗಿದಾಗ, ಹೊಗೆಮೋಡದ ನಡುವೆ ಏನೂ ಇರಲಿಲ್ಲ. ಚುಕ್ಕೆ ಅವಳು ಹೇಳಿದ ಕಡೆಯೇ ಇತ್ತು.

ಗೌರೀಶಂಕರ ಆ ಚಿತ್ರದ ಪ್ರತಿಯನ್ನು ಅವಳ ಮೇಜಿನ ಮೇಲಿಟ್ಟು, "ಬರೀರಿ" ಎಂದು ಹೇಳಿ ಹೋದರು. ಈ ಸಲದ ಪ್ರಬಂಧ ಪ್ರಶ್ನೆಯಿಲ್ಲದೆ ಅಚ್ಚಾಯಿತು. ಯಾವ ಪೇಪರಿನಲ್ಲೂ ಸುದ್ದಿಯಾಗಲಿಲ್ಲ. ಅಂಥ ಜೋಡಿ ನಕ್ಷತ್ರಗಳು ಎಷ್ಟೋ ಇವೆ.

ಕೇರಿಯಲ್ಲಿ ಹೇಳುವುದು ಇನ್ನೂ ಕಷ್ಟವಾಗಿತ್ತು. ಸೆಮಿನಾರ್ ಆದ ತಿಂಗಳಲ್ಲೇ ಅವಳು ಹನುಮಯ್ಯನವರ ಮನೆಗೆ ಹೋಗಿ, "ಅಣ್ಣ, ಅದು ತಪ್ಪಾಗಿತ್ತು, ಶಾಲು ವಾಪಸ್ ತಗೊಳ್ಳಿ" ಎಂದಿದ್ದಳು.

"ನಕ್ಷತ್ರ ಐತೋ ಇಲ್ವೋ?" ಎಂದು ಕೇಳಿದರು ಹನುಮಯ್ಯ.

"ಇದೆ. ಆದ್ರೆ ಅಲ್ಲಿಲ್ಲ, ಪಕ್ಕದಲ್ಲಿದೆ. ಅಂಥದ್ದೂ ಅಲ್ಲ."

"ಐತಲ್ಲ! ಒಂದೀಟು ಪಕ್ಕಕ್ಕಿದ್ರೆ ಏನಾಯ್ತು ಬುಡಮ್ಮ" ಎಂದು ಶಾಲನ್ನು ಅವಳ ಕೈಗೇ ಒತ್ತಿ ಕಳಿಸಿದ್ದರು. ಆದರೆ ದಾಸಪ್ಪ ಆರು ತಿಂಗಳು ಸಂಘದ ಕಡೆ ತಲೆ ಹಾಕಲಿಲ್ಲ. ಮನೆಗೆ ಸುಣ್ಣ ಹೊಡೆಯುವಾಗ ನಾಗಲಕ್ಷ್ಮಮ್ಮ ಪೇಪರಿನ ಫ್ರೇಮನ್ನು ಕೆಳಗಿಳಿಸಿದರು. ಅದನ್ನು ಮತ್ತೆ ಹಾಕು ಎಂದು ಯಾರೂ ಹೇಳಲಿಲ್ಲ.

2004ರ ಫೆಬ್ರವರಿಯಲ್ಲಿ ಮೌಖಿಕ ಪರೀಕ್ಷೆ ಇತ್ತು. ಯಾರು ಬೇಕಾದರೂ ಕೂತು ಕೇಳಬಹುದಿತ್ತು. ಕರೆಯದಿದ್ದರೂ ದಾಸಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತರು. ಹೊರಗಿನಿಂದ ಬಂದಿದ್ದ ಗಡ್ಡದ ಪರೀಕ್ಷಕರು ಬಹಳ ಹೊತ್ತು ಏನೋ ಕೇಳಿದರು, ಅವಳು ನಿಂತು ಏನೋ ಹೇಳಿದಳು. ಕೊನೆಗೆ ಎಲ್ಲರೂ ಕೈ ಕುಲುಕಿದರು. ಗೌರೀಶಂಕರ ದಾಸಪ್ಪನವರ ಹತ್ತಿರ ಬಂದು, "ನಿಮ್ಮ ಮಗಳು ಡಾಕ್ಟರ್ ಆದ್ಲು" ಎಂದರು. ದಾಸಪ್ಪ ಕೈ ಮುಗಿದರು.

ವಾಪಸ್ಸು ಬಸ್ಸಿನಲ್ಲಿ ಅಪ್ಪ ಮಗಳು ಒಂದೇ ಸೀಟಿನಲ್ಲಿ ಕೂತರು. ಜಯನಗರ ದಾಟಿದ ಮೇಲೆ ದಾಸಪ್ಪ ಕೇಳಿದರು:

"ಆ ಗಡ್ಡದ ಮನ್ಸ ಅಷ್ಟೊತ್ತು ಏನ್ ಕೇಳ್ತಿದ್ದ?"

"ಆ ತಪ್ಪಿನ ಬಗ್ಗೆ. ಯಾಕೆ ಮೊದ್ಲೇ ಗೊತ್ತಾಗ್ಲಿಲ್ಲ ಅಂತ."

"ಏನಂದೆ?"

"ಏನು ನೋಡ್ಬೇಕು ಅಂತ ಆಸೆ ಇತ್ತೋ ಅದೇ ಕಾಣಿಸ್ತು, ಅದಕ್ಕೇ ಪಕ್ಕ ನೋಡ್ಲಿಲ್ಲ ಅಂದೆ."

ದಾಸಪ್ಪ ಕಿಟಕಿಯ ಕಡೆ ತಿರುಗಿದರು. "ನಂಗೆ ಇವತ್ತಿಗೂವೆ ನೀನು ಸುಮ್ಕಿದ್ದಿದ್ರೆ ಆಗ್ತಿತ್ತು ಅಂತ್ಲೇ ಅನ್ಸದು ಕಣಮ್ಮ" ಎಂದರು. "ಮೂರು ವರ್ಷ ನೀನು ನಕ್ಕಿದ್ದೇ ನಾನು ಕಾಣೆ."

"ನಂಗೂ ಒಂದೊಂದು ದಿನ ಹಾಗೇ ಅನ್ಸತ್ತೆ ಅಪ್ಪ."

ಇಬ್ಬರೂ ಬನಶಂಕರಿಯಲ್ಲಿ ಇಳಿದು ಇಟ್ಟಮಡುವಿನ ಕಡೆ ನಡೆದರು. ಬಿಸಿಲು ಇನ್ನೂ ಇತ್ತು. ದಾರಿಯಲ್ಲಿ ಯಾರೋ ದಾಸಪ್ಪನವರನ್ನು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು. ಮಗಳ ಪರೀಕ್ಷೆ ಇತ್ತು, ಆಯ್ತು, ಎಂದರು ದಾಸಪ್ಪ.

ಆ ವರ್ಷವೇ ಶಾಲಿನಿಗೆ ಜೆ.ಪಿ. ನಗರದ ಕಾಲೇಜೊಂದರಲ್ಲಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ವಿದೇಶಕ್ಕೆ ಕಳಿಸಿದ್ದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಅದು ತಪ್ಪಿನಿಂದಲೋ, ತಡವಾದದ್ದರಿಂದಲೋ ಅವಳಿಗೆ ತಿಳಿಯಲಿಲ್ಲ. ಆ ಡಿಸೆಂಬರಿನಲ್ಲಿ ನಿಜವಾದ ಮ್ಯಾಗ್ನೆಟಾರ್ ಒಂದು ಸ್ಫೋಟಿಸಿ, ಸೂರ್ಯ ಲಕ್ಷಾಂತರ ವರ್ಷದಲ್ಲಿ ಸೂಸುವಷ್ಟು ಶಕ್ತಿಯನ್ನು ಕ್ಷಣದಲ್ಲಿ ಉಗುಳಿದ್ದು ಮುಂದಿನ ಫೆಬ್ರವರಿಯಲ್ಲಿ ಪೇಪರಿನಲ್ಲಿ ಬಂತು. ಅದರ ಕಿರಣ ನಮ್ಮ ಮೇಲಿನ ಗಾಳಿಯನ್ನೂ ಕಲಕಿ ಹೋಗಿತ್ತು. ಮಕ್ಕಳು ಕ್ಲಾಸಿನಲ್ಲಿ ಪಾಠ ಬಿಟ್ಟು ಅದನ್ನೇ ಕೇಳಿದರು.

"ಮೇಡಂ, ಅದನ್ನ ಹೇಗೆ ಕಂಡುಹಿಡೀತಾರೆ?"

ಶಾಲಿನಿ ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಮೇಲೆ ಒಂದು ಚುಕ್ಕೆ ಇಟ್ಟಳು, ಸುತ್ತ 'ಎರಡು ಚಂದ್ರರಷ್ಟು' ಎಂದು ದೊಡ್ಡದೊಂದು ವೃತ್ತ ಎಳೆದಳು, ಅದರ ಅಂಚಿನಲ್ಲಿ ಇನ್ನೊಂದು ಚುಕ್ಕೆ ಇಟ್ಟಳು. ಗಂಟೆ ಹೊಡೆಯುವವರೆಗೂ ಹೇಳುತ್ತಲೇ ಇದ್ದಳು.